ಗ್ರೆಕೊ ಡಿ ಟುಫೊ ಜೊತೆ ಏನು ತಿನ್ನಬಹುದು?

ನೇಪಲ್ಸ್‌ನಲ್ಲಿ ಕೊಂಡ ಗ್ರೆಕೊ ಡಿ ಟುಫೊ ಬಿಳಿ ವೈನ್ ಆದರೂ ಇಷ್ಟು ಗಟ್ಟಿ ಯಾಕೆ, ಮೀನು ಬಿಟ್ಟು ಬೇರೆ ಯಾವುದಕ್ಕೆ ಹೊಂದುತ್ತದೆ ಅಂತ ಕೇಳಿದ್ದೀರಿ. ಬಾಟಲಿ ಕೆಟ್ಟಿರಬಹುದು ಅನ್ನೋ ಅನುಮಾನ ಬೇಡ. ಅದರ ಗುಣವೇ ಹಾಗೆ.

ಇದು ದಕ್ಷಿಣ ಇಟಲಿಯ ಕಂಪಾನಿಯಾ ಪ್ರಾಂತ್ಯದ ಅವೆಲ್ಲಿನೊ ಕಡೆಯ ಗುಡ್ಡಗಾಡಿನ ವೈನ್. ಟುಫೊ ಸೇರಿ 8 ಊರುಗಳ ದ್ರಾಕ್ಷಿಗೆ ಮಾತ್ರ ಈ ಹೆಸರು. 2003ರಲ್ಲಿ ಡಿಒಸಿಜಿ, ಅಂದರೆ ಇಟಲಿಯ ಅತಿ ಮೇಲಿನ ದರ್ಜೆ ಸಿಕ್ಕಿತು. ಕನಿಷ್ಠ 85% ಗ್ರೆಕೊ ದ್ರಾಕ್ಷಿ ಇರಲೇಬೇಕು. ಈ ದ್ರಾಕ್ಷಿಯ ವೈನ್‌ಗೆ ಹುಳಿ ಜಾಸ್ತಿ, ಬಾಯಲ್ಲಿ ದಪ್ಪನೂ ಅನಿಸುತ್ತದೆ. ಕೊನೆಯಲ್ಲಿ ಬಾದಾಮಿ ಸಿಪ್ಪೆಯಂಥ ಸಣ್ಣ ಕಹಿ ಉಳಿಯುತ್ತದೆ. ನನಗಂತೂ ಆ ಕಹಿಯೇ ಇಷ್ಟ.

ಎಣ್ಣೆ, ಬೆಣ್ಣೆ, ಕೊಬ್ಬು ಇರುವ ತಿಂಡಿಗೆ ಆ ಹುಳಿ ಸರಿಯಾಗಿ ಕೂರುತ್ತದೆ. ಅಲ್ಲಿಯವರದೇ ಎಮ್ಮೆ ಹಾಲಿನ ಮೊಝರೆಲ್ಲಾ ಚೀಸ್ ತನ್ನಿ, ಮೇಲೆ ಒಂದಿಷ್ಟು ಆಲಿವ್ ಎಣ್ಣೆ, ಅಷ್ಟೇ ಸಾಕು. ಕರಿದ ಕಲಮಾರಿ (ಸ್ಕ್ವಿಡ್), ಚಿಪ್ಪುಮೀನಿನ ಸ್ಪಗೆಟ್ಟಿ, ಇವು ಗೊತ್ತಿದ್ದದ್ದೇ. ಆದರೆ ನಿಂಬೆ, ಬೆಳ್ಳುಳ್ಳಿ ಹಚ್ಚಿ ಹುರಿದ ಕೋಳಿಯ ಜೊತೆ ಒಮ್ಮೆ ಕುಡಿದು ನೋಡಿ. ಹಗುರ ಬಿಳಿ ವೈನ್ ಅಲ್ಲಿ ಸೋಲುತ್ತದೆ, ಇದು ಸೋಲಲ್ಲ.

ಖಾರ ಜಾಸ್ತಿ ಬೇಡ, ಬಾಯಿ ಇನ್ನೂ ಉರಿಯುತ್ತದೆ. ಸಿಹಿಯಂತೂ ಬೇಡವೇ ಬೇಡ. ಮತ್ತೆ ಫ್ರಿಜ್‌ನಿಂದ ತೆಗೆದ ಕೂಡಲೇ ಸುರಿಯಬೇಡಿ, ಸುಮ್ನೆ ಪರಿಮಳ ಹಾಳು. ಕಾಲು ಗಂಟೆ ಹೊರಗಿಡಿ, 10–12 ಡಿಗ್ರಿಗೆ ಬರಲಿ.