‘ಅಲ್ಲಿ ಏನು ತಿಂತೀರಿ ಅಕ್ಕಾ?’ ಅಂದ ಶಿರಸಿಯ ತಂಗಿಗೆ

ತಂಗಿ,

ನೀನು ಬರೆದದ್ದು ಓದಿದೆ. ಮುಂದಿನ ತಿಂಗಳು ನೆದರ್ಲೆಂಡ್ಸಿನ ಐಂಡ್‌ಹೋವನ್‌ಗೆ ಕೆಲಸಕ್ಕೆ ಬರುತ್ತಿದ್ದೀಯ. ಮನೆ ಬಾಡಿಗೆ, ಚಳಿ, ಸೈಕಲ್ಲು ಯಾವುದರ ಚಿಂತೆಯೂ ನಿನಗಿಲ್ಲ. ಮೊಟ್ಟೆ ವಾಸನೆಗೇ ಹೊಟ್ಟೆ ತೊಳೆಸುತ್ತದೆ, ಚೀಸ್ ಕಂಡರೆ ಆಗುವುದಿಲ್ಲ, ಆಫೀಸಿನವರು ಕೊಟ್ಟಿದ್ದನ್ನು ಬೇಡ ಅಂದರೆ ಬೇಜಾರು ಮಾಡಿಕೊಳ್ಳುತ್ತಾರಾ ಅಂತ ಕೇಳಿದ್ದೀಯ. ಜೊತೆಗೆ ‘ನಿಮಗೇನು ಅಕ್ಕಾ, ಮೀನು ತಿನ್ನುವವರು, ಎಲ್ಲಿ ಹೋದರೂ ನಡೆಯುತ್ತದೆ’ ಅಂತ ಒಂದು ಮಾತು ಸೇರಿಸಿದ್ದೀಯ. ಅದನ್ನು ಓದಿ ನಗು ಬಂತು. ನಾನು ಘಟ್ಟದ ಕೆಳಗಿನವಳು, ಅಂಕೋಲೆಯವಳು. ಇಲ್ಲಿಗೆ ಬಂದು 14 ವರ್ಷ ಆಯಿತು. ನನ್ನನ್ನು ಇಲ್ಲಿ ಮೊದಲು ಸೋಲಿಸಿದ್ದೇ ಮೀನು.

ಜೂನ್ ತಿಂಗಳಲ್ಲಿ ಇಲ್ಲಿ ಹೊಸ ಹೆರಿಂಗ್ ಬರುತ್ತದೆ. ನಮ್ಮ ತಾರ್ಲೆಯ ನೆಂಟ ಅಂದುಕೋ, ಸ್ವಲ್ಪ ದೊಡ್ಡದು. ನೂರಕ್ಕೆ 16 ಪಾಲಾದರೂ ಕೊಬ್ಬು ಇದ್ದರೆ ಮಾತ್ರ ಅದನ್ನು ‘ಹೊಲಾಂಡ್ಸೆ ನಿಯುವೆ’ ಅಂತ ಮಾರಬಹುದು. ಬೇಯಿಸುವುದಿಲ್ಲ, ಹುರಿಯುವುದಿಲ್ಲ. ಉಪ್ಪಿನಲ್ಲಿ ಹದ ಬರಿಸುತ್ತಾರೆ, ಹುಳದ ಭಯಕ್ಕೆ ಮೈನಸ್ 20 ಡಿಗ್ರಿಯಲ್ಲಿ ಒಂದು ದಿನ ಇಡುತ್ತಾರೆ, ಆಮೇಲೆ ಹೆಚ್ಚಿದ ಈರುಳ್ಳಿ ಹಚ್ಚಿ ಹಸಿಯಾಗಿಯೇ ಕೈಗೆ ಕೊಡುತ್ತಾರೆ. ಬಾಲ ಹಿಡಿದು, ತಲೆ ಎತ್ತಿ, ಬಾಯೊಳಗೆ ಇಳಿಸಬೇಕು. ಅಂಕೋಲೆ ಪೇಟೆಯಲ್ಲಿ ಕಿವಿರು ಎತ್ತಿ ನೋಡಿ ಬಂಗಡೆ ಆರಿಸಿದವಳು ನಾನು, ಇದೇನು ಮಹಾ ಅಂದುಕೊಂಡೆ. ತುಟಿಗೆ ತಣ್ಣಗೆ, ಮೆತ್ತಗೆ ತಾಗಿತು. ಅರಿಶಿನ ಇಲ್ಲ, ಖಾರ ಇಲ್ಲ, ಹುಳಿ ಇಲ್ಲ, ಕಾವಲಿಯ ಚುರ್ ಅನ್ನುವ ಸದ್ದೂ ಇಲ್ಲ. ನಾಲಿಗೆ ಮೀನು ಅಂತು, ಗಂಟಲು ಒಪ್ಪಲಿಲ್ಲ. ಮೀನು ಮಾರುವ ಗಾಡಿಯ ಹಿಂದೆ ಹೋಗಿ ಪೇಪರಿಗೆ ಉಗುಳಿ ಬಂದೆ. ಇವತ್ತಿಗೂ ತಿಂದಿಲ್ಲ.

ಇನ್ನೊಂದು ನಿನಗೆ ಮೊದಲ ವಾರವೇ ಎದುರಾಗುತ್ತದೆ. ಕಪ್ಪು ಮಿಠಾಯಿ, ಹೆಸರು ‘ಡ್ರಾಪ್’. ಯಾರಾದರೂ ಕಾಗದದ ಚೀಲ ಮುಂದೆ ಹಿಡಿಯುತ್ತಾರೆ. ಕೊಟ್ಟವರ ಕಣ್ಣು ನಿನ್ನ ಮುಖದ ಮೇಲೇ ಇರುತ್ತದೆ, ಅದೇ ಅವರಿಗೆ ತಮಾಷೆ. ನಾನು ನಾಣ್ಯದ ಹಾಗಿದ್ದ ಒಂದನ್ನು ಬಾಯಿಗೆ ಹಾಕಿದೆ. ಮೊದಲು ಜೇಷ್ಠಮಧು. ಸರಿ, ಕೆಮ್ಮಿಗೆ ಅಮ್ಮ ಕೊಡುತ್ತಿದ್ದದ್ದೇ. ಎರಡು ಸಲ ಚೀಪಿದ್ದೇ ತಡ, ಉಪ್ಪುಪ್ಪಾಗಿ ಏನೋ ಒಂದು ಮೂಗಿನ ಮೇಲಕ್ಕೆ ಹತ್ತಿತು. ಈ ವಾಸನೆ ಎಲ್ಲೋ ಗೊತ್ತು ಅನಿಸಿತು. ಆಮೇಲೆ ನೆನಪಾಯಿತು, ನಮ್ಮ ಅಂಗಳ! ಕಲಾಯಿ ಹಾಕುವವರು ಬರುತ್ತಿದ್ದರು. ನೆಲದಲ್ಲಿ ಕುಳಿ ತೋಡಿ, ತಿದಿ ಒತ್ತಿ, ತಾಮ್ರದ ತಪ್ಪಲೆ ಕಾಯಿಸಿ, ಒಂದು ಚಿಟಿಕೆ ಬಿಳಿ ಪುಡಿ ಎಸೆದರೆ ಬುಸ್ಸಂತ ಹೊಗೆ ಏಳುತ್ತಿತ್ತು. ನಾವು ಮೂಗು ಮುಚ್ಚಿಕೊಂಡು ಓಡುತ್ತಿದ್ದೆವು. ಆ ಪುಡಿ ನವಸಾಗರ. ಮನೆಗೆ ಬಂದು ಪೊಟ್ಟಣದ ಮೇಲೆ ಓದಿದರೆ ‘ಸಾಲ್ಮಿಯಾಕ್’ ಅಂತ ಇತ್ತು, ಅಂದರೆ ಅಮೋನಿಯಂ ಕ್ಲೋರೈಡ್, ಅಂದರೆ ಅದೇ ನವಸಾಗರ. ಪಾತ್ರೆಗೆ ಹಾಕುವುದನ್ನು ಇವರು ಚೀಪುತ್ತಾರೆ ಮಾರಾಯ್ತಿ! ಸಿಹಿ ಡ್ರಾಪೂ ಉಂಟು, ಆದರೆ ತುಂಬಾ ಡ್ರಾಪಿನಲ್ಲಿ ಜೆಲಟಿನ್ ಇರುತ್ತದೆ. ಅದು ಪ್ರಾಣಿಯ ಚರ್ಮ, ಮೂಳೆಯಿಂದ ಬರುವುದು. ಹಾಗಾಗಿ ನಿನಗೆ ನೆಪ ಸಿಕ್ಕಿತು.

ನೆಪವೂ ಬೇಕಿಲ್ಲ ಅನ್ನು. ಊಟದ ವಿಷಯಕ್ಕೇ ಅಂತ ಡಚ್ಚರ ಹತ್ತಿರ ಬೇರೆ ಒಂದು ಕ್ರಿಯಾಪದ ಇದೆ, ‘ಲುಸ್ಟನ್’. ‘ಇಕ್ ಲುಸ್ಟ್ ಹೆಟ್ ನೀಟ್’ ಅಂದರೆ ನನಗೆ ಅದು ಸೇರುವುದಿಲ್ಲ. ನೋಡು, ‘ಸೇರು’! ನಮ್ಮಲ್ಲೂ ‘ನಂಗೆ ಹಾಗಲಕಾಯಿ ಸೇರೂದಿಲ್ಲ’ ಅಂದರೆ ಮುಗೀತು, ಮಾಡಿದವರನ್ನು ಬೈದ ಹಾಗೆ ಆಗುವುದಿಲ್ಲ. ಇಂಗ್ಲಿಷಿನಲ್ಲಿ ಸುತ್ತಿಬಳಸಿ ಸಾರಿ ಹೇಳುವುದಕ್ಕಿಂತ ಈ ನಾಲ್ಕು ಶಬ್ದ ಕಲಿತು ಬಾ. ಇಲ್ಲಿಯ ಜನ ನೇರ ಮಾತಿಗೆ ಬೇಜಾರು ಮಾಡಿಕೊಳ್ಳುವವರಲ್ಲ. ಅವರಿಗೂ ಸೇರದ್ದು ಇದೆಯಲ್ಲ, ಬ್ರಸೆಲ್ಸ್ ಸ್ಪ್ರೌಟ್ಸ್ ಅನ್ನುವ ಪುಟ್ಟ ಕೋಸು. ಕಹಿ ಅಂತ ಮಕ್ಕಳು ಅಳುತ್ತಿದ್ದರು. 1990ರ ದಶಕದಲ್ಲಿ ಹಾನ್ಸ್ ವಾನ್ ಡೋರ್ನ್ ಅನ್ನುವ ಇಲ್ಲಿಯದೇ ವಿಜ್ಞಾನಿ ಆ ಕಹಿ ಯಾವುದರಿಂದ ಅಂತ ಕಂಡುಹಿಡಿದರು. ಆಮೇಲೆ ಹಳೆಯ ಕಡಿಮೆ ಕಹಿ ತಳಿಗಳನ್ನು ಈಗಿನ ತಳಿಗಳ ಜೊತೆ ಕೂಡಿಸಿ ಹೊಸ ತಳಿಗಳನ್ನೇ ಮಾಡಿದರು. ನಾವು ಹಾಗಲಕಾಯಿಗೆ ಉಪ್ಪು ಹಚ್ಚಿ ಹಿಂಡಿ ಸುಮ್ಮನಾದೆವು.

ಚೀಸ್ ಬಗ್ಗೆ ಒಂದು ಮಾತು. ವಾಸನೆ ಬಿಡು, ಹಾಲು ಒಡೆಸುವುದಕ್ಕೆ ಕರುವಿನ ಹೊಟ್ಟೆಯಿಂದ ತೆಗೆದ ‘ಸ್ಟ್ರೆಮ್ಸೆಲ್’ ಹಾಕಿರುತ್ತಾರೆ. ಸಸ್ಯಾಹಾರದ್ದೂ ಸಿಗುತ್ತದೆ, ಪೊಟ್ಟಣದ ಮೇಲೆ ‘ವೆಖೆಟಾರಿಸ್’ ಅಂತ ಬರೆದಿರುತ್ತದೆ. ಮನೆಯಲ್ಲಿ ಅಜ್ಜಿಗೆ ಇದೆಲ್ಲ ಹೇಳಬೇಡ.

ನಿಜವಾಗಿ ನಿನ್ನನ್ನು ಕಾಡುವುದು ಮೊಟ್ಟೆಯೂ ಅಲ್ಲ, ಚೀಸೂ ಅಲ್ಲ. ಮಧ್ಯಾಹ್ನದ ತಣ್ಣನೆ ಬ್ರೆಡ್. ಹನ್ನೆರಡು ಗಂಟೆಗೆ ಎಲ್ಲರೂ ಒಟ್ಟಿಗೆ ಕೂತು ಡಬ್ಬಿಯಿಂದ ಎರಡು ತುಂಡು ಬ್ರೆಡ್ ತೆಗೆಯುತ್ತಾರೆ. ನಡುವೆ ಒಂದು ಹಾಳೆ ಚೀಸ್, ಇಲ್ಲವೇ ಚಾಕಲೇಟ್ ಕಾಳು. ದೊಡ್ಡವರೂ ಚಾಕಲೇಟ್ ಕಾಳು ಹಾಕಿಕೊಂಡು ತಿನ್ನುತ್ತಾರೆ, ಗಂಭೀರವಾಗಿ! ಬಿಸಿ ಅನ್ನುವುದೇ ಇಲ್ಲ. ಮೊದಲ ಚಳಿಗಾಲದಲ್ಲಿ ನಾನು ಬಿಸಿ ಗಂಜಿ, ಒಂದು ಮಿಡಿ ಉಪ್ಪಿನಕಾಯಿ ನೆನೆಸಿಕೊಂಡು ಶೌಚಾಲಯದಲ್ಲಿ ಅತ್ತಿದ್ದೂ ಇದೆ. ಆಮೇಲೆ ‘ಕಾರ್ನೆಮೆಲ್ಕ್’ ಸಿಕ್ಕಿತು. ಎಲ್ಲ ಅಂಗಡಿಯಲ್ಲೂ ಇದೆ, ಮಜ್ಜಿಗೆಯೇ, ಗಟ್ಟಿ, ಹುಳಿ. ನಿಮ್ಮ ಕಡೆ ತಂಬುಳಿಗೆ ಹೇಳಿ ಮಾಡಿಸಿದ ಹಾಗಿದೆ. ಒಂದೆಲಗ ಸಿಗಲಿಕ್ಕಿಲ್ಲ, ಪಾಲಕ್ ಬಾಡಿಸಿ, ಜೀರಿಗೆ, ಕಾಯಿ ಹಾಕಿ ಅರೆದುಕೋ. ಥರ್ಮಾಸಿನಲ್ಲಿ ಬಿಸಿ ಅನ್ನ ಒಯ್ಯಿ.

ಇಂಗಿನ ಒಗ್ಗರಣೆ ಮಾತ್ರ ಕಿಟಕಿ ತೆಗೆದು ಕೊಡು. ಇಂಗಿಗೆ ಇವರ ಭಾಷೆಯಲ್ಲಿ ‘ಡೌವಲ್ಸ್‌ಡ್ರೆಕ್’ ಅನ್ನುತ್ತಾರೆ, ಅಂದರೆ ದೆವ್ವದ ಹೇಲು. ನಾನೂ ಪಾಠ ಕಲಿತದ್ದು ಹಾಗೆಯೇ. ಒಂದು ಜನವರಿಯಲ್ಲಿ ಚಳಿ ಅಂತ ಎಲ್ಲ ಮುಚ್ಚಿ ಒಣ ಸೀಗಡಿ ಹುರಿದೆ. ಕೆಳಗಿನ ಮನೆಯ ಅಜ್ಜಿ ಬಾಗಿಲು ತಟ್ಟಿದರು. ಬೈಯಲಿಲ್ಲ ಪಾಪ. ‘ನಿಮ್ಮ ಮನೆಯ ಗಟಾರು ಕಟ್ಟಿದೆಯಾ, ಪ್ಲಂಬರ್ ನಂಬರ್ ಕೊಡಲಾ’ ಅಂತ ಕೇಳಿದರು. ಹೆರಿಂಗ್ ಉಗುಳಿದವಳಿಗೆ ಉತ್ತರ ಎಲ್ಲಿಂದ ಬರಬೇಕು? ಕೊಡಿ ಅಂದೆ.

ಬರುವಾಗ ತುಪ್ಪ ತರಬೇಡ. ಹೊರಗಿನಿಂದ ಹಾಲಿನ ಪದಾರ್ಥ, ಮಾಂಸ ತರಬಾರದು ಅಂತ ಯುರೋಪಿಯನ್ ಯೂನಿಯನ್ ನಿಯಮ. ಮೀನಾದರೆ 20 ಕೆಜಿವರೆಗೆ ತರಬಹುದು, ಶಿರಸಿಯವರಿಗೆ ಅದರಿಂದ ಏನು ಬಂತು! ಅಪ್ಪೆಮಿಡಿ ಉಪ್ಪಿನಕಾಯಿ ಒಂದು ಡಬ್ಬಿ ಜಾಸ್ತಿ ತಾ, ನನಗೆ. ಬಂದ ಮೊದಲ ಭಾನುವಾರ ಊಟಕ್ಕೆ ನಮ್ಮ ಮನೆಗೇ ಬಾ. ಅವತ್ತು ಸೀಗಡಿ ಡಬ್ಬಿಯನ್ನು ಬಾಲ್ಕನಿಯಲ್ಲಿ ಇಡುತ್ತೇನೆ.