ಛಲ ಸಾಕಾ, ಅಂತ ಕೇಳಿದ ತಾಯಿಗೆ

ಓದುಗರ ಪತ್ರ: ಹೋದ ಸಂಚಿಕೆಯಲ್ಲಿ ಐಸ್ ಹಾಕಿ ಆಟಗಾರ ಮ್ಯಾಕ್ಸ್ ಡೋಮಿ ಬಗ್ಗೆ ಬರೆದಿದ್ದಿರಿ. ನನ್ನ ಮಗಳಿಗೆ 14 ವರ್ಷ. ಟೈಪ್ 1 ಡಯಾಬಿಟಿಸ್ ಇದೆ, ಆಸ್ತಮಾ ಕೂಡ. ಹಾಕಿ ಅಂದ್ರೆ ಪ್ರಾಣ. ಕೋಚ್ ‘ಇವಳಿಗೆ ಯಾಕಮ್ಮ ಈ ಆಟ’ ಅಂತಾರೆ. ‘ಛಲವಿದ್ದರೆ ಎಲ್ಲವೂ ಸಾಧ್ಯ’ ಅನ್ನೋ ನಿಮ್ಮ ಸಾಲನ್ನು ಅವಳು ಗೋಡೆಗೆ ಅಂಟಿಸಿಕೊಂಡಿದ್ದಾಳೆ. ನನಗೆ ಭಯ. ನಿಜ ಹೇಳಿ, ಆಡಿಸಲಾ?

ಸಂಪಾದಕರ ಉತ್ತರ: ಆಡಿಸಿ ಅಮ್ಮಾ. ಆದರೆ ಗೋಡೆಯ ಮೇಲಿರುವ ಆ ಸಾಲು ಪೂರ್ತಿ ನಿಜ ಅಲ್ಲ. ಹಾಗೆ ಬರೆಯಬಾರದಿತ್ತು. ಛಲ ಎಷ್ಟಿದ್ದರೂ ಶುಗರ್ ಅದರ ಮಾತು ಕೇಳುವುದಿಲ್ಲ.

ಡೋಮಿಗೆ 12ನೇ ವಯಸ್ಸಿನಲ್ಲಿ ಟೈಪ್ 1 ಅಂತ ಗೊತ್ತಾಯಿತು. ಗೋಧಿ, ಬಾರ್ಲಿಯಲ್ಲಿರುವ ಗ್ಲುಟನ್ ಒಗ್ಗದ ಸೀಲಿಯಾಕ್ ಕಾಯಿಲೆಯೂ ಇತ್ತು. 2015ರ ವಿಶ್ವ ಜೂನಿಯರ್ ಐಸ್ ಹಾಕಿ ಫೈನಲ್‌ನಲ್ಲಿ ಕೆನಡಾ 5-4ರಿಂದ ರಷ್ಯಾವನ್ನು ಸೋಲಿಸಿದಾಗ ಆ ಟೂರ್ನಿಯ ಅತ್ಯುತ್ತಮ ಫಾರ್ವರ್ಡ್ ಅನ್ನಿಸಿಕೊಂಡಿದ್ದು ಇದೇ ಹುಡುಗ. ಅವರು 16ನೇ ನಂಬರಿನ ಅಂಗಿ ಇಷ್ಟಪಟ್ಟು ಹಾಕಿಕೊಂಡಿದ್ದು, ಡಯಾಬಿಟಿಸ್ ಇಟ್ಟುಕೊಂಡೇ ಆಡಿದ ಹಿಂದಿನ ಐಸ್ ಹಾಕಿ ಆಟಗಾರ ಬಾಬಿ ಕ್ಲಾರ್ಕ್ ಮೇಲಿನ ಗೌರವಕ್ಕೆ.

ಕ್ಲಾರ್ಕ್ ಕಥೆಯನ್ನು ನಿಮ್ಮ ಕೋಚ್‌ಗೂ ಹೇಳಿ. 1969ರಲ್ಲಿ, ಡಯಾಬಿಟಿಸ್ ಇದೆ ಅನ್ನೋ ಅಳುಕಿನಿಂದ ಎನ್‌ಎಚ್‌ಎಲ್ (ಅಮೆರಿಕ, ಕೆನಡಾದ ದೊಡ್ಡ ಐಸ್ ಹಾಕಿ ಲೀಗ್) ತಂಡಗಳು ಅವರನ್ನು ಆರಿಸದೆ ಬಿಟ್ಟವು. ಫಿಲಡೆಲ್ಫಿಯಾ ಫ್ಲೈಯರ್ಸ್‌ಗೆ ಅವರು ಸಿಕ್ಕಿದ್ದು, ತಂಡಗಳು ಸರದಿಯಲ್ಲಿ ಹೊಸ ಆಟಗಾರರನ್ನು ಆರಿಸುವಾಗ, 17ನೇ ಆಯ್ಕೆಯಾಗಿ. ಮೊದಲ ಕ್ಯಾಂಪಿನಲ್ಲೇ ತಿಂಡಿ ಬಿಟ್ಟು ಅಭ್ಯಾಸಕ್ಕಿಳಿದು ಫಿಟ್ಸ್ ಬಂತು. ಆಗ ತಂಡದ ಟ್ರೈನರ್ ‘ನಿನ್ನ ಕೈಲಾಗಲ್ಲ’ ಅನ್ನಲಿಲ್ಲ. ಕೂತು ಲೆಕ್ಕ ಹಾಕಿದರು. ಆಟಕ್ಕೆ ಮುಂಚೆ ಮೂರು ಚಮಚ ಸಕ್ಕರೆ ಕಲಸಿದ ಒಂದು ಬಾಟಲಿ ಕೋಕಾ-ಕೋಲಾ. ನಡುವಿನ ಬಿಡುವುಗಳಲ್ಲಿ ಸಕ್ಕರೆ ಹಾಕಿದ ಅರ್ಧ ಲೋಟ ಕಿತ್ತಳೆ ರಸ, ಮುಗಿದ ಮೇಲೆ ಒಂದು ಲೋಟ. ಟ್ರೈನರ್ ಪೆಟ್ಟಿಗೆಯಲ್ಲಿ ಚಾಕೊಲೇಟು, ಒಂದು ಟ್ಯೂಬ್ ಗ್ಲೂಕೋಸ್. ಆಮೇಲೆ ಕ್ಲಾರ್ಕ್ ಅದೇ ತಂಡದ ಕ್ಯಾಪ್ಟನ್ ಆಗಿ 1974, 1975ರಲ್ಲಿ ಎನ್‌ಎಚ್‌ಎಲ್‌ನ ಸ್ಟ್ಯಾನ್ಲಿ ಕಪ್ ಗೆದ್ದರು. (ಆ ಅಳತೆ ನಿಮ್ಮ ಮಗಳಿಗೆ ಬೇಡ. ಆಗ ಮೈಗೆ ಅಂಟಿಸಿಕೊಂಡು ಶುಗರ್ ನೋಡುವ ಸೆನ್ಸರ್ ಇರಲಿಲ್ಲ. ಅವಳ ಲೆಕ್ಕ ಅವಳ ಡಾಕ್ಟರೇ ಹಾಕಬೇಕು.)

ನನ್ನ ಕಣ್ಣಿಗೆ ಇಲ್ಲಿ ದೊಡ್ಡದಾಗಿ ಕಾಣೋದು ಆ ಪೆಟ್ಟಿಗೆ. ಅದನ್ನು ಹೊತ್ತವರು ಇನ್ನೊಬ್ಬರು, ಅಲ್ವಾ?

ಶುಗರ್ ಲೆಕ್ಕ ಸುಲಭದ್ದಲ್ಲ. ಅಭ್ಯಾಸದಲ್ಲಿ ಓಡಿದಷ್ಟೂ ಇಳಿಯುವ ಶುಗರ್, ಫೈನಲ್ ದಿನದ ಟೆನ್ಷನ್‌ಗೆ ಏರಿಬಿಡಬಹುದು, ಅಡ್ರಿನಲಿನ್ ಕೆಲಸ ಅದು. ಆಟವೆಲ್ಲ ಮುಗಿದು ಮಲಗಿದ ಮೇಲೆ ರಾತ್ರಿ ಕುಸಿಯಲೂಬಹುದು. ಹಾಗಾಗಿ ಮ್ಯಾಚ್ ಇದ್ದ ರಾತ್ರಿ ಜಾಸ್ತಿ ಎಚ್ಚರ ಬೇಕು. 70ಕ್ಕಿಂತ ಕೆಳಗಿಳಿದರೆ ‘ಇನ್ನೊಂದೈದು ನಿಮಿಷ ಆಡ್ತೀನಿ’ ಅನ್ನೋ ಮಾತೇ ಇಲ್ಲ. ಹೊರಗೆ ಬರಬೇಕು, ಸಕ್ಕರೆ ತಗೊಳ್ಳಬೇಕು, 15 ನಿಮಿಷ ಬಿಟ್ಟು ಮತ್ತೆ ನೋಡಬೇಕು.

ಇದಕ್ಕೆ ಹಾಕಿಯಷ್ಟು ಅನುಕೂಲದ ಆಟ ಕಡಿಮೆ. ಫುಟ್‌ಬಾಲ್ ಮ್ಯಾಚಿನಲ್ಲಿ ಸಾಮಾನ್ಯವಾಗಿ ಒಮ್ಮೆ ಹೊರಬಂದರೆ ಮುಗಿಯಿತು. ಹಾಕಿಯಲ್ಲಿ ಎಷ್ಟು ಸಲ ಬೇಕಾದರೂ ಹೊರಬಂದು ಮತ್ತೆ ಇಳಿಯಬಹುದು. 15 ನಿಮಿಷದ ನಾಲ್ಕು ಕ್ವಾರ್ಟರ್, ನಡುವೆ ಬಿಡುವು. ಪೂರ್ತಿ ಗಟ್ಟಿಮುಟ್ಟಾದವರೂ ಬೆಂಚಿಗೆ ಬಂದು ಉಸಿರು ತಗೊಂಡು ಹೋಗ್ತಾನೇ ಇರ್ತಾರೆ. ನಿಮ್ಮ ಮಗಳು ಆ ಹೊತ್ತಿನಲ್ಲಿ ಸೆನ್ಸರ್ ನೋಡಿಕೊಂಡರೆ ಯಾರ ಆಟವೂ ನಿಲ್ಲುವುದಿಲ್ಲ.

ಆಸ್ತಮಾಕ್ಕೆ ಇನ್ಹೇಲರ್ ಯಾವಾಗ, ಎಷ್ಟು ಅಂತ ಡಾಕ್ಟರನ್ನು ಕೇಳಿಟ್ಟುಕೊಳ್ಳಿ. ಅದು ಮನೆಯಲ್ಲಲ್ಲ, ಬೆಂಚಿನ ಪಕ್ಕದಲ್ಲೇ ಇರಲಿ.

ಇನ್ನೊಂದು ವಿಷಯ, ಯಾರೂ ಮೊದಲೇ ಹೇಳುವುದಿಲ್ಲ. ಶುಗರ್‌ಗೆ ಅವಳು ತಗೊಳ್ಳುವ ಇನ್ಸುಲಿನ್, ವಾಡಾದ (ಕ್ರೀಡೆಯಲ್ಲಿ ಉದ್ದೀಪನ ಮದ್ದು ತಡೆಯುವ ಜಾಗತಿಕ ಸಂಸ್ಥೆ) ನಿಷೇಧಿತ ಪಟ್ಟಿಯಲ್ಲಿದೆ. ಗಾಬರಿ ಬೇಡ, ಚಿಕಿತ್ಸೆಗೆ ಬೇಕೇ ಬೇಕಾದವರಿಗೆ ವಿನಾಯಿತಿ ಇದೆ. ಆದರೆ ಅರ್ಜಿ ಹಾಕಬೇಕು, ವೈದ್ಯಕೀಯ ದಾಖಲೆ ಕೊಡಬೇಕು. ಆಸ್ತಮಾ ಇನ್ಹೇಲರಿನಲ್ಲಿರುವ ಸಾಲ್ಬುಟಮಾಲ್ ಅನ್ನೋ ಔಷಧಿಗೆ ಮಿತಿಯೊಳಗೆ ಒಪ್ಪಿಗೆ ಇದೆ. ಅವಳು ದೊಡ್ಡ ಟೂರ್ನಿಗೆ ಹೋಗೋ ಹುಡುಗಿ ಅಂತಾದರೆ ಚೀಟಿ, ರಿಪೋರ್ಟು ಯಾವುದನ್ನೂ ಬಿಸಾಡಬೇಡಿ.

ಕೋಚ್ ಜೊತೆ ಜಗಳ ಬೇಡ. ಅವರದ್ದೂ ಭಯವೇ ಇರಬೇಕು. ಶುಗರ್ ಇಳಿದಾಗ ನಿಮ್ಮ ಮಗಳು ಹೇಗೆ ಕಾಣ್ತಾಳೆ, ಬೆವರ್ತಾಳಾ, ಸುಮ್ನೆ ಸಿಡುಕ್ತಾಳಾ, ಪಾಸ್ ತಪ್ಪುತ್ತಾಳಾ, ಅದನ್ನು ನಾಲ್ಕು ಸಾಲಿನಲ್ಲಿ ಬರೆದು ಅವರ ಕೈಗೆ ಕೊಡಿ. ಏನು ಕೊಡಬೇಕು, ಯಾರಿಗೆ ಫೋನ್ ಮಾಡಬೇಕು ಅಂತಲೂ ಬರೆಯಿರಿ. ಜೊತೆಗೆ ಆಡುವ ಒಬ್ಬಿಬ್ಬರು ಹುಡುಗಿಯರಿಗೂ ಗೊತ್ತಿರಲಿ.

ಮುಂದಿನ ಮ್ಯಾಚ್ ಆದಮೇಲೆ ಮತ್ತೆ ಬರೆಯಿರಿ. ಕಾಯಿಲೆ ಬಗ್ಗೆ ಎಲ್ಲ ಹೇಳಿದಿರಿ, ಅವಳು ಫಾರ್ವರ್ಡಾ, ಡಿಫೆಂಡರಾ ಅಂತ ಹೇಳೋದನ್ನೇ ಮರೆತಿದ್ದೀರಿ.