ಗಾಡಿ ಪ್ರಶ್ನೋತ್ತರ: ಉಸ್ತಾದರ ವಹಿಯೊಳಗಿನ ಲೆಕ್ಕ

ಕಲಬುರಗಿಯ ಹಿರಿಯ ಕಾರ್ ಮೆಕ್ಯಾನಿಕ್ ಉಸ್ತಾದರು ತೀರಿಕೊಂಡ ಮೇಲೆ ನಮಗೆ ಬಂದ ಪತ್ರಗಳಲ್ಲಿ ಶ್ರದ್ಧಾಂಜಲಿಗಿಂತ ಪ್ರಶ್ನೆಗಳೇ ಜಾಸ್ತಿ. ಅವರಿಗೂ ಅದೇ ಒಪ್ಪುತ್ತಿತ್ತು. ಪಾರ್ಟು ಬದಲಿಸುವ ಮೊದಲು ಅಳೆದು ನೋಡಬೇಕೆಂಬುದು ಅವರ ಹಟ; ಅಳೆದದ್ದನ್ನು ವಹಿಯಲ್ಲಿ ಬರೆದಿಡುವುದು ರೂಢಿ. ಶಾಗಿರ್ದರು ಕಳಿಸಿದ ಆ ವಹಿಯ ಪುಟಗಳನ್ನು ಮುಂದಿಟ್ಟುಕೊಂಡೇ ಈ ಉತ್ತರಗಳು.

ಪ್ರಶ್ನೆ: ಬ್ಯಾಸಗ್ಯಾಗ ಕಲಬುರಗಿಯಿಂದ ಸೇಡಂ ಮುಟ್ಟೋದ್ರಾಗ ನಮ್ಮ ಪೆಟ್ರೋಲ್ ಗಾಡಿ ಕಾಯ್ದು ಸೂಜಿ ಕೆಂಪಿಗೆ ಹೋಗ್ತದ. ಎಲ್ಲಾರೂ ಥರ್ಮೋಸ್ಟಾಟ್ ಕಿತ್ತು ಒಗೀರಿ ಅಂತಾರ. ಉಸ್ತಾದರು ಮಾತ್ರ ಎಂದೂ ಕೀಳಲಿಲ್ಲ. ಯಾಕ್ರಿ? (ಸೇಡಂ)

ಉತ್ತರ: ಕಿತ್ತರೆ ಗಾಡಿ ತಣ್ಣಗಾಗುತ್ತದೆ ಎಂಬುದೇ ಅರ್ಧ ಸುಳ್ಳು. ಥರ್ಮೋಸ್ಟಾಟ್ ಅಂದರೆ ಎಂಜಿನ್ ನೀರು ಕಾದ ಮೇಲೆ ರೇಡಿಯೇಟರಿನ ದಾರಿ ತೆರೆಯುವ ಕವಾಟ. ಬಹಳಷ್ಟು ಎಂಜಿನ್‌ಗಳಲ್ಲಿ ಅದು ತೆರೆದಾಗ, ರೇಡಿಯೇಟರ್ ತಪ್ಪಿಸಿ ಹೋಗುವ ಬೈಪಾಸ್ ದಾರಿ ಮುಚ್ಚುತ್ತದೆ. ಅದಿಲ್ಲದಿದ್ದರೆ ಬೈಪಾಸ್ ಸದಾ ತೆರೆದೇ ಇದ್ದು, ಬಿಸಿ ನೀರಿನ ಒಂದು ಪಾಲು ರೇಡಿಯೇಟರಿಗೆ ಹೋಗದೆ ಎಂಜಿನ್ನಿಗೇ ಮರಳುತ್ತದೆ. ಮೇ ತಿಂಗಳಲ್ಲಿ ಇನ್ನಷ್ಟು ಕಾಯುವುದು ಇದಕ್ಕೇ. ಚಳಿಗಾಲದಲ್ಲಿ ಉಲ್ಟಾ: ಎಂಜಿನ್ ಬೇಗ ಬೆಚ್ಚಗಾಗದೆ, ಇಸಿಯು (ಎಂಜಿನ್ ನಡೆಸುವ ಕಂಪ್ಯೂಟರ್) ಹೆಚ್ಚಿಗೆ ಪೆಟ್ರೋಲ್ ಬಿಡುತ್ತ ಹೋಗುತ್ತದೆ. ಮೈಲೇಜ್ ಬೀಳುತ್ತದೆ, ಸಿಲಿಂಡರ್ ಗೋಡೆಯ ಎಣ್ಣೆ ತೊಳೆದುಹೋಗಿ ಸವೆತ ಜಾಸ್ತಿಯಾಗುತ್ತದೆ.

ಅನುಮಾನವಿದ್ದರೆ ಪರೀಕ್ಷೆ ಮಾಡಿ. ಥರ್ಮೋಸ್ಟಾಟಿನ ಮೇಲೆ 82 ಅಥವಾ 88 ಎಂದು ಒತ್ತಿರುತ್ತದೆ. ಅದನ್ನು ದಾರಕ್ಕೆ ಕಟ್ಟಿ, ಪಾತ್ರೆಯ ತಳಕ್ಕೆ ತಾಗದಂತೆ ನೀರಿನಲ್ಲಿ ಇಳಿಬಿಟ್ಟು, ಥರ್ಮಾಮೀಟರ್ ಹಾಕಿ ಕಾಯಿಸಿ. ಒತ್ತಿದ ಡಿಗ್ರಿಯ ಆಸುಪಾಸಿನಲ್ಲಿ ಬಾಯಿ ಬಿಡಲು ಶುರುಮಾಡಬೇಕು, ನೀರು ಕುದಿಯುವಷ್ಟರಲ್ಲಿ ಚೆನ್ನಾಗಿ ತೆರೆದಿರಬೇಕು. ತೆರೆಯದಿದ್ದರೆ ಹೊಸದು ಹಾಕಿ. ಅಂಚಿನಲ್ಲಿ ಅಲುಗಾಡುವ ಸಣ್ಣ ಪಿನ್ ಇದ್ದರೆ ಅದು ಮೇಲ್ಗಡೆಗೆ ಬರಲಿ. ಕೆಳಗಾದರೆ ಗಾಳಿ ಸಿಕ್ಕಿಕೊಂಡು ಹೊಸ ಥರ್ಮೋಸ್ಟಾಟೂ ಕೆಟ್ಟ ಹೆಸರು ತಗೊಳ್ಳುತ್ತದೆ.

ನಿಮ್ಮ ಭಾಗದಲ್ಲಿ ನಿಜವಾದ ಕಳ್ಳ ಬೇರೆ. ಶಹಾಬಾದ್ ಕಲ್ಲು, ಸೇಡಂ ಸಿಮೆಂಟಿನ ಸುಣ್ಣದ ನೆಲದ ಬೋರ್‌ವೆಲ್ ನೀರು ರೇಡಿಯೇಟರಿಗೆ ಹಾಕಿದರೆ ಕೊಳವೆಯೊಳಗೆ ಬಿಳಿ ಪದರ ಕಟ್ಟುತ್ತದೆ. ಎಂಜಿನ್ ಕಾದಾಗ ರೇಡಿಯೇಟರ್ ಮೈಮೇಲೆ ಅಲ್ಲಲ್ಲಿ ತಣ್ಣನೆ ಪಟ್ಟಿ ಇದ್ದರೆ ಅಲ್ಲಿ ನೀರು ಓಡುತ್ತಿಲ್ಲ ಎಂದರ್ಥ. ಎಂಜಿನ್ ಬಂದ್ ಮಾಡಿ, ಫ್ಯಾನಿನ ವೈರ್ ಬಿಡಿಸಿಯೇ ಕೈ ಹತ್ತಿರ ಒಯ್ಯಿರಿ. ಸಾಂದ್ರ ಕೂಲಂಟ್ ಆದರೆ ಸಮಪಾಲು ಡಿಸ್ಟಿಲ್ಡ್ ವಾಟರ್ ಬೆರೆಸಿ. ಮೊದಲೇ ಬೆರೆಸಿದ್ದಕ್ಕೆ ಏನನ್ನೂ ಸೇರಿಸಬೇಡಿ. ಎರಡನೆಯದು ತೊಗರಿ ರಾಶಿಯ ಹೊಟ್ಟು. ಎಸಿ ಕಂಡೆನ್ಸರ್ ಮತ್ತು ರೇಡಿಯೇಟರ್ ನಡುವೆ ಅದು ದಪ್ಪಗೆ ಕೂತಿರುತ್ತದೆ, ಮುಂದಿನಿಂದ ಇಣುಕಿದರೆ ಕಾಣುವುದಿಲ್ಲ. ಎಂಜಿನ್ ಕಡೆಯಿಂದ ಹೊರಕ್ಕೆ ಸಣ್ಣ ಒತ್ತಡದ ನೀರು ಬಿಡಿ. ಪ್ರೆಷರ್ ವಾಷರ್ ಹತ್ತಿರ ಹಿಡಿದರೆ ರೇಡಿಯೇಟರಿನ ತೆಳು ಫಿನ್ನುಗಳು ಮಡಚಿಕೊಳ್ಳುತ್ತವೆ.

ರೇಡಿಯೇಟರ್ ಮುಚ್ಚಳ ಮರೆಯಬೇಡಿ. ವಹಿಯಲ್ಲಿ ‘ಕ್ಯಾಪ್ 0.9’ ಎಂದು ಪದೇ ಪದೇ ಬರುತ್ತದೆ. 0.9 ಬಾರ್ ಒತ್ತಡ ಹಿಡಿದರೆ ಬರೀ ನೀರೂ 119 ಡಿಗ್ರಿಯ ತನಕ ಕುದಿಯುವುದಿಲ್ಲ. ರಬ್ಬರ್ ಬಿರಿದ ಮುಚ್ಚಳವಾದರೆ 100ಕ್ಕೇ ಕುದಿದು ಹೊರಚೆಲ್ಲುತ್ತದೆ. ಎಸಿ ಹಾಕಿದರೂ ಫ್ಯಾನ್ ತಿರುಗದಿದ್ದರೆ ಫ್ಯೂಸ್, ರಿಲೇ, ಮೋಟಾರ್ ಕ್ರಮವಾಗಿ ನೋಡಿ. ಇದೆಲ್ಲ ಸರಿ ಇದ್ದೂ ಕಾಯುತ್ತಿದ್ದರೆ, ಎಂಜಿನ್ ತಣ್ಣಗಿದ್ದಾಗ ರೇಡಿಯೇಟರ್ ಮುಚ್ಚಳ ತೆಗೆದು ನೀರು ತುಂಬಿ ಸ್ಟಾರ್ಟ್ ಮಾಡಿ. ಗುಳ್ಳೆ ನಿಲ್ಲದೆ ಬರುತ್ತಿದ್ದರೆ ಹೆಡ್ ಗ್ಯಾಸ್ಕೆಟ್ (ಎಂಜಿನ್ ಬ್ಲಾಕು ಮತ್ತು ಹೆಡ್ಡಿನ ನಡುವಿನ ಸೀಲು) ಹೋಗಿದೆ. ಬಿಸಿ ಇದ್ದಾಗ ಮಾತ್ರ ಮುಚ್ಚಳಕ್ಕೆ ಕೈ ಹಚ್ಚಬೇಡಿ.

ಪ್ರಶ್ನೆ: ಬ್ಯಾಟರಿ ಹೊಸಾದು. ಆದ್ರೂ ಮುಂಜಾನೆ ಸೆಲ್ಫ್ ಟಕ್ ಅಂತದ, ತಿರುಗಂಗಿಲ್ಲ. ಸ್ಟಾರ್ಟರ್ ಬದಲಿಸಬೇಕಾ? (ಹುಮನಾಬಾದ್)

ಉತ್ತರ: ಸದ್ಯಕ್ಕೆ ಬೇಡ. ವಹಿಯಲ್ಲಿ ‘ಅರ್ತ್ 0.2’ ಎಂದು ಕೆಂಪು ಗೆರೆ ಎಳೆದದ್ದು ಇದಕ್ಕೇ. ಅರ್ತ್ ಅಂದರೆ ಬ್ಯಾಟರಿಯ ನೆಗೆಟಿವ್‌ಗೂ ಎಂಜಿನ್ನಿಗೂ ಇರುವ ಜೋಡಣೆ. ರಾತ್ರಿಯಿಡೀ ನಿಂತ ಗಾಡಿಯ ಬ್ಯಾಟರಿ 12.6 ವೋಲ್ಟ್ ತೋರಿಸಬೇಕು, 12.2 ಅಂದರೆ ಅರ್ಧ ಖಾಲಿ, ಮೊದಲು ಚಾರ್ಜ್ ಮಾಡಿಸಿ. ನಂತರ ಮಲ್ಟಿಮೀಟರನ್ನು ಡಿಸಿ 20ಕ್ಕೆ ಇಟ್ಟು, ಕಪ್ಪು ಕಡ್ಡಿಯನ್ನು ಬ್ಯಾಟರಿಯ ನೆಗೆಟಿವ್ ಸೀಸದ ಕಂಬಕ್ಕೇ ಒತ್ತಿ, ಕ್ಲಾಂಪಿಗಲ್ಲ. ಕೆಂಪು ಕಡ್ಡಿ ಎಂಜಿನ್ನಿನ ಚೊಕ್ಕ ಲೋಹದ ಮೇಲಿರಲಿ. ಗೇರ್ ನ್ಯೂಟ್ರಲ್ಲಿನಲ್ಲಿಟ್ಟು ಇನ್ನೊಬ್ಬರು ಕೀಲಿ ತಿರುಗಿಸಲಿ. ಆ ಹೊತ್ತಿನಲ್ಲಿ 0.2 ವೋಲ್ಟಿನ ಒಳಗಿದ್ದರೆ ಅರ್ತ್ ಸರಿ. 0.5, 1 ಎಂದು ಏರಿದರೆ ಕ್ಲಾಂಪೋ ಅರ್ತ್ ಪಟ್ಟಿಯೋ ತುಕ್ಕು ಹಿಡಿದಿದೆ. ಪಾಸಿಟಿವ್ ಕಂಬದಿಂದ ಸ್ಟಾರ್ಟರಿನ ದಪ್ಪ ಬೋಲ್ಟಿನ ತನಕ ಇದೇ ಅಳತೆ 0.5 ಮೀರಬಾರದು. ಎರಡೂ ಸರಿ ಇದ್ದು ಬರೀ ಟಕ್ ಅಂದರೆ ಆಗ ಸ್ಟಾರ್ಟರ್ ಇಳಿಸಿ, ಸಾಲೆನಾಯ್ಡ್ (ಟಕ್ ಎನ್ನುವ ವಿದ್ಯುತ್ ಸ್ವಿಚ್ಚು) ಮತ್ತು ಮೋಟಾರಿನೊಳಗಿನ ಕಾರ್ಬನ್ ಬ್ರಷ್ ನೋಡಿ.

ಕ್ಲಾಂಪ್ ಬಿಚ್ಚುವಾಗ ನೆಗೆಟಿವ್ ಮೊದಲು, ಹಾಕುವಾಗ ಅದೇ ಕೊನೆಗೆ. ಬಿಸಿನೀರಿಗೆ ಅಡುಗೆ ಸೋಡಾ ಹಾಕಿ ತೊಳೆದು, ತಂತಿ ಬ್ರಷ್ಷಿನಿಂದ ಉಜ್ಜಿ, ಬಿಗಿದ ಮೇಲೆ ವ್ಯಾಸಲಿನ್ ಸವರಿ.

ಪ್ರಶ್ನೆ: ಬ್ರೇಕ್ ಆಯಿಲ್ ಕಮ್ಮಿ ಆಗಿಲ್ಲ, ಬಣ್ಣಾನೂ ಚಲೋ ಅದ. ಎರಡು ವರ್ಷಕ್ಕೊಮ್ಮೆ ಬದಲಿಸೋದು ಸುಮ್ನೆ ಖರ್ಚಲ್ಲೇನ್ರಿ? (ಶಹಾಪುರ)

ಉತ್ತರ: ಅಲ್ಲ. ಅದು ಗಾಳಿಯ ತೇವ ಹೀರುತ್ತದೆ. ಹೊಸ ಡಾಟ್ 3 ದರ್ಜೆಯ ಬ್ರೇಕ್ ಆಯಿಲ್ ಕನಿಷ್ಠ 205 ಡಿಗ್ರಿಯ ತನಕ ಕುದಿಯುವುದಿಲ್ಲ. ನೀರು ಹೀರಿದ ಮೇಲೆ ಆ ಮಿತಿ 140ಕ್ಕೆ ಇಳಿಯುತ್ತದೆ. ಲೋಡ್ ಹಾಕಿಕೊಂಡು ಇಳಿಜಾರಿನಲ್ಲಿ ಬ್ರೇಕ್ ಹಿಡಿದೇ ಬಂದರೆ ಒಳಗೆ ಆವಿಯಾಗಿ ಪೆಡಲ್ ನೆಲಕ್ಕೆ ಹೋಗುತ್ತದೆ. ಗಾಡಿಯ ಬ್ರೇಕ್ ಆಯಿಲ್ ಡಬ್ಬಿಯ ಮುಚ್ಚಳದ ಮೇಲೆ ಬರೆದ ದರ್ಜೆಯದನ್ನೇ ಹಾಕಿ. ಒಡೆದು ತಿಂಗಳುಗಟ್ಟಲೆ ಇಟ್ಟ ಬಾಟಲಿ ಬೇಡ.

ಪ್ರಶ್ನೆ: ಉಸ್ತಾದರ ವಹಿ ಎಣ್ಣಿ ಹತ್ತಿ ಹಾಳಿ ಅಂಟಿಕೊಂಡಾವ. ಲ್ಯಾಮಿನೇಷನ್ ಮಾಡಿಸಿ ಗ್ಯಾರೇಜಿನ್ಯಾಗ ಇಡೋಣಂತ ಮಾಡೀವಿ. ಗಾಡಿ ಹೆಸರಿಲ್ದ 1-3-2, 1-3-4-2 ಅಂತ ಬರದಾರ, ಅದೇನ್ರಿ? (ಶಾಗಿರ್ದರು, ಕಲಬುರಗಿ)

ಉತ್ತರ: ಲ್ಯಾಮಿನೇಷನ್ ಮಾಡಿಸಬೇಡಿ. ಆ ಬಿಸಿಗೆ ಎಣ್ಣೆ ಹಾಳೆಯ ತುಂಬ ಹರಡುತ್ತದೆ, ಮತ್ತೆ ಬಿಚ್ಚಲೂ ಬರುವುದಿಲ್ಲ. ಮೊದಲು ಹಗಲು ಬೆಳಕಿನಲ್ಲಿ ಪ್ರತಿ ಪುಟದ ಫೋಟೋ ತೆಗೆಯಿರಿ. ಅಂಟಿದ ಹಾಳೆಗಳ ನಡುವೆ ಒರೆಸಿ ಒಣಗಿಸಿದ ಫೀಲರ್ ಗೇಜಿನ (ಸಂದು ಅಳೆಯುವ ಸಾಧನದ) ತೆಳು ಎಲೆಯನ್ನು ಮೆಲ್ಲಗೆ ತೂರಿಸಿ ಬಿಡಿಸಿ. ಟಾಲ್ಕಂ ಪೌಡರ್ ಉದುರಿಸಿ, ಒಂದು ದಿನ ಭಾರ ಹೇರಿಟ್ಟು, ಮೆತ್ತನೆ ಬ್ರಷ್ಷಿನಿಂದ ಕೊಡವಿ.

ಆ ಅಂಕಿಗಳು ಫೈರಿಂಗ್ ಆರ್ಡರ್, ಅಂದರೆ ಸಿಲಿಂಡರುಗಳಲ್ಲಿ ಕಿಡಿ ಹಾರುವ ಸರದಿ. ಪ್ಲಗ್ಗುಗಳಿಗೆ ಕರೆಂಟ್ ಹಂಚುವ ಡಿಸ್ಟ್ರಿಬ್ಯೂಟರಿನ ಕ್ಯಾಪಿನಲ್ಲಿ, ಒಳಗಿನ ರೋಟರ್ ತಿರುಗುವ ದಿಕ್ಕಿಗೆ ಪ್ಲಗ್ ವೈರ್ ಈ ಸರದಿಯಲ್ಲೇ ಕೂರಬೇಕು. 1-3-2 ಮೂರು ಸಿಲಿಂಡರಿನದು; ಹಳೆ ವಹಿಯಾದ್ದರಿಂದ ಬಹುತೇಕ 796 ಸಿಸಿಯ ಮಾರುತಿ 800. 1-3-4-2 ಅಂಬಾಸಡರೂ ಆಗಬಹುದು, ಪದ್ಮಿನಿಯೂ ಆಗಬಹುದು. ಅದೇ ಪುಟದಲ್ಲಿ ಪಾನಾದ ಅಳತೆ ಹುಡುಕಿ: 7/16, 1/2 ಎಂದು ಇಂಚಿನಲ್ಲಿದ್ದರೆ ಅಂಬಾಸಡರ್, 10, 13, 17 ಎಂದಿದ್ದರೆ ಪದ್ಮಿನಿ.

ಹೊಸ ವಹಿಗೆ ನಕಲು ಮಾಡುವಾಗ ಗಾಡಿ, ಇಸವಿ, ದೂರು, ಅಳತೆ, ಸಿಕ್ಕ ಕಾರಣ ಎಂದು ಐದು ಮನೆ ಹಾಕಿ. ಯಾವ ಗಾಡಿಯೆಂದು ಗೊತ್ತಾಗದ ಕಡೆ ಊಹಿಸಿ ತುಂಬದೆ ಖಾಲಿ ಬಿಡಿ. ಪಾಯಿಂಟ್ ಗ್ಯಾಪಿನ (ಡಿಸ್ಟ್ರಿಬ್ಯೂಟರಿನೊಳಗೆ ಕಿಡಿಗಾಗಿ ತೆರೆದು ಮುಚ್ಚುವ ಪಾಯಿಂಟಿನ ಸಂದು) ಪುಟಗಳ ಮೇಲೆ ‘ಕಾರ್ಬ್ಯುರೇಟರ್ ಗಾಡಿಗೆ ಮಾತ್ರ’ ಎಂದು ದಪ್ಪಗೆ ಬರೆಯಿರಿ. ಇಲ್ಲದಿದ್ದರೆ ಹೊಸದಾಗಿ ಕೆಲಸಕ್ಕೆ ಸೇರಿದ ಹುಡುಗ ಇಂಜೆಕ್ಷನ್ ಗಾಡಿಯಲ್ಲಿ ಪಾಯಿಂಟ್ ಹುಡುಕುತ್ತ ಕೂರುತ್ತಾನೆ.